ಸಾಲಿನ ಕೊನೆಯ ಬೈಕು

ಕಳೆದ ನವೆಂಬರ್‌ನಲ್ಲಿ ನಮ್ಮ ಕನ್ನಡ ಸಂಘದ ರಾಜ್ಯೋತ್ಸವದ ಬೈಕ್ ರ್‍ಯಾಲಿ ಹೋಗಿದ್ದು ನಿಮಗೆ ನೆನಪಿರಬಹುದು. ಹಾವೇರಿಯಿಂದ ಹೊರಟು, ಅಗಡಿಯ ಆನಂದವನ ನೋಡಿಕೊಂಡು, ವರದಾ ನದಿ ತುಂಗಭದ್ರೆಗೆ ಸೇರುವ ಗಳಗನಾಥದವರೆಗೆ ಹೋಗಿಬರುವುದು ಅಂತ ಪ್ಲಾನ್. ಕನ್ನಡ ಸಂಘದವರು ಅಗಡಿಗೆ ಹೋಗದಿದ್ದರೆ ಹೇಗೆ? ಕಳೆದ ಶತಮಾನದ ಆರಂಭದಲ್ಲಿ 'ಸದ್ಬೋಧ ಚಂದ್ರಿಕೆ' ಪತ್ರಿಕೆ ಹೊರಟಿದ್ದೇ ಅಲ್ಲಿಂದ, ಕಾದಂಬರಿಕಾರ ಗಳಗನಾಥರ ಸಂಪಾದಕತ್ವದಲ್ಲಿ.

ಹನ್ನೆರಡು ಬೈಕು, ಇಪ್ಪತ್ತನಾಲ್ಕು ಜನ, ಕೆಂಪು-ಹಳದಿ ಬಾವುಟ. ಅಗಡಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಹನ್ನೆರಡನೇ ಬೈಕು ರಸ್ತೆ ಮೇಲೆ ಒಣಹಾಕಿದ್ದ ಮೆಕ್ಕೆಜೋಳಕ್ಕೆ ಜಾರಿ ಬಿತ್ತು. ಓಡಿಸುತ್ತಿದ್ದ ಜೂನಿಯರ್‌ನ ಎಡಗೈ ಮೂಳೆ ಮುರಿಯಿತು. ಹಿಂದೆ ಕೂತವನ ಮೊಣಕಾಲು ತರಚಿತು. ಇಬ್ಬರ ತಲೆ ಮೇಲೂ ಹೆಲ್ಮೆಟ್ ಇತ್ತು, ಅಷ್ಟು ಪುಣ್ಯ. ಮುಂದಿದ್ದ ನಮಗೆ ವಿಷಯ ಗೊತ್ತಾಗಿದ್ದು ಹತ್ತು ನಿಮಿಷ ಬಿಟ್ಟು, ಫೋನ್ ಬಂದ ಮೇಲೆ. ವಾಪಸ್ ಬಂದರೆ ಕಾಳು ಬಳಿಯುತ್ತಿದ್ದ ಅಜ್ಜಿ ಕೇಳಿದ್ದು ಒಂದೇ ಮಾತು: "ಹಿಂದಿನ ಹುಡುಗನ್ನ ಬಿಟ್ಟು ಎಲ್ಲಿಗೆ ಓಡಾಕ್ಹತ್ತಿದ್ರೋ ಯಪ್ಪಾ?"

ಮೊದಲು ನಾವು ಬೈದಿದ್ದು ಮೆಕ್ಕೆಜೋಳವನ್ನೇ. ಆದರೆ ಅದೇ ಕಾಳಿನ ಪಕ್ಕ ಹನ್ನೊಂದು ಬೈಕು ಆರಾಮಾಗಿ ದಾಟಿದ್ದವಲ್ಲ? ಆಸ್ಪತ್ರೆಯಲ್ಲಿ ಹುಡುಗ ಹೇಳಿದ: "ನಿಮ್ಮನ್ನ ಹಿಡೀಬೇಕಂತ ಎಂಬತ್ತರಾಗ ಇದ್ದೆ ಅಣ್ಣಾ." ಮುಂದಿನವನ ಸ್ಪೀಡು ಅರವತ್ತು ದಾಟಿರಲಿಲ್ಲ. ಒಂದೇ ಸಾಲಿನಲ್ಲಿ ಮೊದಲನೆಯವ ಅರವತ್ತು, ಕೊನೆಯವ ಎಂಬತ್ತು ಹೇಗಾಯ್ತು? ಎಂಜಿನಿಯರಿಂಗ್ ಓದುವವರು, ಲೆಕ್ಕ ಹಾಕಿ ನೋಡಿದೆವು.

ಊರಿನ ಮುಂದೆ ಒಂದು ಹಂಪ್ ಇದೆ ಅಂದುಕೊಳ್ಳಿ. ಎಲ್ಲರೂ ನಿಧಾನ ಮಾಡಿ, ಒಬ್ಬರ ಹಿಂದೆ ಒಬ್ಬರು ಎರಡೆರಡು ಸೆಕೆಂಡಿಗೆ ಹಂಪ್ ದಾಟುತ್ತಾರೆ. ಹನ್ನೆರಡನೆಯವನು ದಾಟುವುದು ಮೊದಲನೆಯವನು ದಾಟಿದ 22 ಸೆಕೆಂಡಿಗೆ. ದಾಟಿದ ಕೂಡಲೇ ಎಲ್ಲರೂ 60ಕ್ಕೆ ಏರಿಸಿದರೆ (ಅಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್) ಇಬ್ಬರ ನಡುವೆ ಸುಮಾರು 365 ಮೀಟರ್ ಅಂತರ ಬೀಳುತ್ತದೆ. ಹಂಪ್‌ಗೆ ಮುಂಚೆ ಒಂದೊಂದು ಸೆಕೆಂಡಿನ ಅಂತರದಲ್ಲಿ ಇದ್ದಾಗ ನಮ್ಮ ಸಾಲಿನ ಉದ್ದ ಸುಮಾರು 185 ಮೀಟರ್ ಇತ್ತು. ಉಳಿದ 180 ಮೀಟರ್ ಮತ್ತೆ ಹಿಡಿಯಬೇಕಂದರೆ ಕೊನೆಯವನು 80ರಲ್ಲಿ ಅರ್ಧ ನಿಮಿಷಕ್ಕೂ ಹೆಚ್ಚು ಓಡಿಸಬೇಕು, ಹತ್ತಿರ ಹತ್ತಿರ ಮುಕ್ಕಾಲು ಕಿಲೋಮೀಟರ್. ಅಷ್ಟರಲ್ಲಿ ಮುಂದಿನ ಹಂಪ್ ಬಂದಿರುತ್ತದೆ. ನಮ್ಮ ಕಡೆ ಊರಿಗೆರಡು ಹಂಪ್, ಬಣ್ಣ ಒಂದಕ್ಕೂ ಇಲ್ಲ.

ಮುಂದಿನವನಿಗೆ ಇದು ಕಾಣುವುದೇ ಇಲ್ಲ. ಅವನ ಪ್ರಕಾರ ಅವನು ಸಮಾಧಾನವಾಗಿಯೇ ಹೊಡೆಯುತ್ತಿದ್ದಾನೆ. ಹಿಂದೆ ಹೋದಷ್ಟೂ ಬ್ರೇಕು ಜೋರು, ಆಕ್ಸಿಲರೇಟರ್ ಜೋರು. ನಾವು ಮಾಡಿದ ಇನ್ನೊಂದು ದಡ್ಡತನ ಅಂದರೆ ಹೊಸದಾಗಿ ಬೈಕು ಕಲಿತವರನ್ನು "ನೀವು ಆರಾಮ ಹಿಂದ ಬರ್ರಿ" ಅಂತ ಆ ಜಾಗಕ್ಕೇ ಹಾಕಿದ್ದು.

80ರಲ್ಲಿ ಏನಾಗುತ್ತದೆ ಅಂದರೆ: ಅಪಾಯ ಕಂಡು ಬ್ರೇಕಿಗೆ ಕೈ ಹೋಗಲು ಒಂದು ಸೆಕೆಂಡ್ ಹಿಡಿದರೆ ಅಷ್ಟರಲ್ಲೇ 22 ಮೀಟರ್ ಹೋಯ್ತು. ಒಣ ಡಾಂಬರಿನ ಮೇಲೆ ಘರ್ಷಣಾಂಕ 0.6 ಅಂತ ಇಟ್ಟುಕೊಂಡರೆ ನಿಲ್ಲಲು ಇನ್ನೂ 42 ಮೀಟರ್. ಒಟ್ಟು 64. ಅದೇ 60ರಲ್ಲಿ 40 ಸಾಕು. ಇದು ಒಣ ರಸ್ತೆಯ ಮಾತು. ಮೆಕ್ಕೆಜೋಳದ ಕಾಳು ಟೈರಿನ ಕೆಳಗೆ ಬಾಲ್ ಬೇರಿಂಗ್ ಇದ್ದಹಾಗೆ, ಅದರ ಮೇಲೆ ಬ್ರೇಕ್ ಹಿಡಿದರೆ ಮುಗೀತು. ಮಳೆ ಬಿದ್ದ ಮೇಲೆ ಟ್ರ್ಯಾಕ್ಟರ್ ಗಾಲಿಗೆ ಮೆತ್ತಿ ರಸ್ತೆಗೆ ಬರುವ ಎರೆಮಣ್ಣೂ ಅಷ್ಟೇ. ರೈತರನ್ನು ಬೈದು ಪ್ರಯೋಜನವಿಲ್ಲ. ಅವರಿಗೆ ಕಣ ಇಲ್ಲ, ಮೋಡ ಕಂಡರೆ ಭಯ. ನಮ್ಮಲ್ಲಿ ಅರ್ಧ ಜನರ ಮನೆಯಲ್ಲೂ ರಸ್ತೆ ಮೇಲೇ ಒಣಹಾಕುತ್ತಾರೆ.

ಹಾಗಾಗಿ ಈ ಸಲ ಮೊದಲು ಬದಲಾಯಿಸಿದ್ದು ಸಾಲಿನ ಕ್ರಮ. ಹೊಸಬರು ಲೀಡರ್‌ನ ಬೆನ್ನಿಗೇ. ಕೊನೆಯಲ್ಲಿ ನಮ್ಮಲ್ಲೇ ಹೆಚ್ಚು ಓಡಿಸಿದವರು, ಫಸ್ಟ್ ಏಡ್ ಡಬ್ಬಿ, ಪಂಕ್ಚರ್ ಕಿಟ್ ಸಮೇತ. ಹನ್ನೆರಡರ ಒಂದು ಸಾಲು ಬೇಡ, ಆರಾರರ ಎರಡು ಗುಂಪು, ನಡುವೆ ಐದು ನಿಮಿಷ. ಹಂಪ್ ದಾಟಿದ ಮೇಲೆ ಕೊನೆಯ ಹೆಡ್‌ಲೈಟ್ ಕನ್ನಡಿಯಲ್ಲಿ ಕಾಣುವವರೆಗೆ ಲೀಡರ್ ನಲವತ್ತು ದಾಟುವಂತಿಲ್ಲ. ಕಾಣದಿದ್ದರೆ ಜಾಗ ನೋಡಿ ರಸ್ತೆ ಬಿಟ್ಟು ನಿಲ್ಲಬೇಕು. ಹಿಂದೆ ಉಳಿದವರಿಗೆ ಹೇಳಿದ್ದು ಇಷ್ಟೇ: ಹಿಡಿಯಲು ಓಡಬೇಡಿ, ಪ್ರತಿ ತಿರುವಿನ ಹತ್ತಿರ ಯಾರಾದರೂ ಒಬ್ಬರು ನಿಂತೇ ಇರುತ್ತಾರೆ. ದಾರಿ ತಪ್ಪುವ ಹೆದರಿಕೆ ಹೋದರೆ ಅರ್ಧ ಸ್ಪೀಡು ತಾನೇ ಇಳಿಯುತ್ತದೆ.

ಹೆದ್ದಾರಿಯಲ್ಲಿ ಓರೆಸಾಲು. ವಿದೇಶಿ ವಿಡಿಯೋಗಳಲ್ಲಿ ಲೀಡರ್ ಎಡಕ್ಕಿರುತ್ತಾನೆ, ಯಾಕಂದರೆ ಅಲ್ಲಿ ವಾಹನ ಬಲಕ್ಕೆ ಓಡುತ್ತವೆ. ನಮ್ಮಲ್ಲಿ ಉಲ್ಟಾ: ಲೀಡರ್ ತನ್ನ ಲೇನಿನ ಬಲಭಾಗದಲ್ಲಿ, ಎರಡನೆಯವನು ಒಂದು ಸೆಕೆಂಡ್ ಹಿಂದೆ ಎಡಭಾಗದಲ್ಲಿ, ಮೂರನೆಯವನು ಮತ್ತೆ ಬಲಕ್ಕೆ. ನೇರ ಮುಂದಿರುವ ಬೈಕಿಗೆ ಎರಡು ಸೆಕೆಂಡ್ ಅಂತರ ಇರಲೇಬೇಕು. ಮುಂದಿನವನು ಕಿಲೋಮೀಟರ್ ಕಲ್ಲು ದಾಟಿದಾಗ "ಹಾವೇರಿ ಒಂದು, ಹಾವೇರಿ ಎರಡು" ಅಂತ ಎಣಿಸಿ. ಅಷ್ಟರೊಳಗೆ ನೀವೂ ಕಲ್ಲು ದಾಟಿದ್ದರೆ ಹತ್ತಿರ ಇದ್ದೀರಿ ಅಂತ ಅರ್ಥ. ಇದೆಲ್ಲ ಎನ್‌ಎಚ್ 48ಕ್ಕೆ ಸರಿ. ಹಳ್ಳಿ ರಸ್ತೆ, ತಿರುವು, ಮಳೆ ಇದ್ದಲ್ಲಿ ಒಬ್ಬರ ಹಿಂದೆ ಒಬ್ಬರು, ಪೂರಾ ಎರಡು ಸೆಕೆಂಡ್. ಒಂದೇ ಲೇನಿನ ರಸ್ತೆಯ ಅಗಲ 3.75 ಮೀಟರ್, ಅದರಲ್ಲಿ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದರೆ ಓರೆಸಾಲೆಲ್ಲ ಗದ್ದೆಗೆ ಇಳಿಯುತ್ತದೆ. ಮಾತಾಡಿಕೊಂಡು ಜೋಡಿಯಾಗಿ ಹೋಗುವುದಂತೂ ಎಲ್ಲಿಯೂ ಬೇಡ.

ಓವರ್‌ಟೇಕ್ ಮಾಡುವಾಗ ಮುಂದಿನವನು ಕೈ ಬೀಸಿ "ಬಾ ಬಾ" ಅನ್ನುವ ಚಾಳಿ ನಮ್ಮಲ್ಲಿ ಬಹಳ. ಅವನಿಗೆ ಖಾಲಿ ಕಂಡ ರಸ್ತೆ ನಿಮಗೆ ಖಾಲಿ ಇರುವುದಿಲ್ಲ. ಸಾಲು ಮುರಿದರೆ ಮುರಿಯಲಿ, ಲಾರಿ ಹಿಂದೆ ಇರಿ. ಮೆಣಸಿನಕಾಯಿ ವಹಿವಾಟಿನ ಸೋಮವಾರ, ಗುರುವಾರ ಬ್ಯಾಡಗಿ ಕಡೆ ಹೊರಡುವವರು ಇದನ್ನು ಎರಡು ಸಲ ಓದಿ.

ಇನ್ನು ಬಾವುಟ. ಹೇಳಿದರೆ ಬೇಜಾರಾಗುತ್ತೀರಿ, ಆದರೂ ಹೇಳಬೇಕು. ದೊಡ್ಡ ಬಾವುಟ ಗಾಳಿಗೆ ಹಾಯಿಯ ಹಾಗೆ ಎಳೆಯುತ್ತದೆ, ಹಿಂದಿನವನಿಗೆ ರಸ್ತೆಯನ್ನೂ ಮುಚ್ಚುತ್ತದೆ. ಈ ಸಲ ಬಾವುಟ ಅಗಡಿಯಲ್ಲಿ, ಗಳಗನಾಥದಲ್ಲಿ ನಿಂತಮೇಲೆ ಬಿಚ್ಚುವುದು. ಒಂದು ಬೈಕಿಗೆ ಇಬ್ಬರೇ, ಇಬ್ಬರಿಗೂ ಐಎಸ್‌ಐ ಗುರುತಿನ ಹೆಲ್ಮೆಟ್, ಪಟ್ಟಿ ಬಿಗಿದು.

ಕಳೆದ ಸಲ ಬಿದ್ದವನ ಕೈ ಕೂಡಿದೆ. ಈ ಸಲ ಅವನು ಎರಡನೇ ನಂಬರಿನವನು, ಲೀಡರ್‌ನ ಹಿಂದೆ ಎಡಕ್ಕೆ. ಬೆಳಿಗ್ಗೆ ಏಳಕ್ಕೆ ಕಾಲೇಜ್ ಗೇಟಿನ ಹತ್ತಿರ ಸೇರೋಣ. ಪೆಟ್ರೋಲ್ ಹಿಂದಿನ ದಿನವೇ ಹಾಕಿಸಿ, ಗಾಳಿ ಚೆಕ್ ಮಾಡಿಸ್ಕೊಂಡು ಬರ್ರಿ.