ಘೋಷಣೆಯಿಂದ ಬೊಕ್ಕಸದ ಬೀಗ ತೆರೆಯುವುದಿಲ್ಲ

2020ರಲ್ಲಿ ಕೊರೊನಾ ಪರಿಹಾರವೆಂದು ಅಮೆರಿಕದ ಅನೇಕ ಮನೆಗಳಿಗೆ 1,200 ಡಾಲರ್ ಚೆಕ್ ಅಂಚೆಯಲ್ಲಿ ಬಂತಲ್ಲ, ಅದರ ಮೇಲೆ ಡೊನಾಲ್ಡ್ ಟ್ರಂಪ್ ಹೆಸರು ಅಚ್ಚಾಗಿತ್ತು. ಅದು ಸಹಿಯಲ್ಲ. ಖಜಾನೆಯ ಚೆಕ್ಕಿಗೆ ಸಹಿ ಹಾಕುವ ಅಧಿಕಾರ ಅಧ್ಯಕ್ಷರಿಗಿಲ್ಲ, ಹಾಗಾಗಿ ಟಿಪ್ಪಣಿ ಬರೆಯುವ ಸಾಲಿನಲ್ಲಿ ಹೆಸರು ಹಾಕಿಸಿದ್ದರು. ಆದರೂ ಆ ಒಂದು ಸಾಲು ಮಾಡಬೇಕಾದ ಕೆಲಸ ಮಾಡಿತು. "ಅಧ್ಯಕ್ಷರು ಎಮರ್ಜೆನ್ಸಿ ಘೋಷಿಸಿದರು, ದುಡ್ಡು ಬಂತು" ಎಂಬ ಮಾತನ್ನು ಅಲ್ಲಿ ನೆಲೆಸಿರುವ ನಮ್ಮವರ ಬಾಯಲ್ಲೂ ಕೇಳಿದ್ದೇನೆ, ಇಲ್ಲಿ ಟಿವಿ ಚರ್ಚೆಗೆ ಕೂತವರ ಬಾಯಲ್ಲೂ ಕೇಳಿದ್ದೇನೆ. ಕೇಳಿದಾಗಲೆಲ್ಲ ತಡೆದುಕೊಳ್ಳಲು ಆಗುವುದಿಲ್ಲ.

ತುರ್ತು ಪರಿಸ್ಥಿತಿ ಘೋಷಣೆಯಾದದ್ದು ಆ ವರ್ಷದ ಮಾರ್ಚ್ 13ರಂದು. ಚೆಕ್ಕಿಗೆ ದುಡ್ಡು ಬಂದದ್ದು ಮಾರ್ಚ್ 27ರಂದು ಜಾರಿಗೆ ಬಂದ ಬೇರೆಯೇ ಕಾಯ್ದೆಯಿಂದ, ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಒಪ್ಪಿದ ಸುಮಾರು 2.2 ಲಕ್ಷ ಕೋಟಿ ಡಾಲರ್ ಪ್ಯಾಕೇಜಿನಿಂದ. ನಡುವಿನ ಹದಿನಾಲ್ಕು ದಿನವೂ ಘೋಷಣೆ ಜಾರಿಯಲ್ಲೇ ಇತ್ತು. ಯಾರ ಮನೆಗೂ ಒಂದು ಚೆಕ್ ಕಳಿಸುವ ಅಧಿಕಾರ ಅದರಿಂದ ಹುಟ್ಟಲಿಲ್ಲ.

ಕಾನೂನು ಮಂಜೂರು ಮಾಡದ ಹೊರತು ಖಜಾನೆಯಿಂದ ಹಣ ತೆಗೆಯುವಂತಿಲ್ಲ ಎಂದು ಅಮೆರಿಕದ ಸಂವಿಧಾನದ ಮೊದಲನೇ ವಿಧಿಯಲ್ಲೇ ಬರೆದಿದೆ. ಯುದ್ಧಕ್ಕೊಂದು, ಬರಕ್ಕೊಂದು ಎಂಬ ವಿನಾಯಿತಿ ಅಲ್ಲಿಲ್ಲ. ಹಾಗಿದ್ದರೆ ತುರ್ತು ಪರಿಸ್ಥಿತಿ ಘೋಷಿಸಿ ಏನು ಪ್ರಯೋಜನ? ಇಲ್ಲೇ ಜನ ಎಡವುವುದು. "ತುರ್ತು ಪರಿಸ್ಥಿತಿ ಇದ್ದಾಗ ಅಧ್ಯಕ್ಷರು ಇಂಥದ್ದನ್ನು ಮಾಡಬಹುದು" ಎಂದು ಕಾಂಗ್ರೆಸ್ಸೇ ಹಿಂದೆ ನೂರಕ್ಕೂ ಹೆಚ್ಚು ಕಡೆ ಬರೆದಿಟ್ಟಿದೆ. ಅವುಗಳಲ್ಲಿ ಯಾವ ಕಲಮನ್ನು ಬಳಸುತ್ತೇನೆಂದು ಅಧ್ಯಕ್ಷರು ಹೆಸರಿಟ್ಟು ಹೇಳಬೇಕು. 1976ರ ರಾಷ್ಟ್ರೀಯ ತುರ್ತು ಪರಿಸ್ಥಿತಿ ಕಾಯ್ದೆಯ ಷರತ್ತು ಅದು. ಕಲಮಿನಲ್ಲಿ ಎಷ್ಟಿದೆಯೋ ಅಷ್ಟೇ ಅಧಿಕಾರ.

ಮೆಕ್ಸಿಕೊ ಗಡಿಯಲ್ಲಿ ಟ್ರಂಪ್ ಕಟ್ಟಲು ಹೊರಟ ಗೋಡೆಯ ಪ್ರಕರಣ ನೋಡಿ. ಟ್ರಂಪ್ ಕೇಳಿದ್ದು 570 ಕೋಟಿ ಡಾಲರ್. 35 ದಿನ ಸರ್ಕಾರಿ ಕಚೇರಿಗಳ ಬಾಗಿಲು ಹಾಕಿಸಿಕೊಂಡು ಜಗಳವಾಡಿದ ಮೇಲೂ ಕಾಂಗ್ರೆಸ್ ಕೊಟ್ಟದ್ದು 137.5 ಕೋಟಿ. 2019ರ ಫೆಬ್ರುವರಿ 15ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು, ಎಂಟುನೂರು ಕೋಟಿ ಲೆಕ್ಕ ಹೊರಬಿತ್ತು. ಎಲ್ಲ ಘೋಷಣೆಯ ಮಹಿಮೆ ಎಂದು ಜಗತ್ತೇ ನಂಬಿತು. ಅದರಲ್ಲಿ ಮಾದಕವಸ್ತು ತಡೆಗೆಂದು ರಕ್ಷಣಾ ಇಲಾಖೆಯಿಂದ ತೆಗೆದ 250 ಕೋಟಿಗೂ, ಖಜಾನೆ ಇಲಾಖೆಯ ಜಪ್ತಿ ನಿಧಿಯ 60 ಕೋಟಿಗೂ ಆ ಘೋಷಣೆ ಬೇಕಾಗಿರಲೇ ಇಲ್ಲ. ಅವು ಬೇರೆ ಕಾಯ್ದೆಗಳ ದಾರಿ. ಘೋಷಣೆಯನ್ನೇ ನಂಬಿಕೊಂಡಿದ್ದದ್ದು 360 ಕೋಟಿ ಮಾತ್ರ. ಅದೂ ಹೊಸ ದುಡ್ಡಲ್ಲ. ಸೇನಾ ಕಟ್ಟಡಗಳಿಗೆಂದು ಕಾಂಗ್ರೆಸ್ ಮೊದಲೇ ಮಂಜೂರು ಮಾಡಿ, ಇನ್ನೂ ಗುತ್ತಿಗೆಗೆ ಕೊಡದೆ ಉಳಿದಿದ್ದ ಹಣ. ಒಂದು ಬಾಬ್ತಿನದನ್ನು ಇನ್ನೊಂದು ಬಾಬ್ತಿಗೆ ಎಳೆದರು. ಸೈನ್ಯದ ಕೆಲಸಕ್ಕೆ ಬೇಕಾದ ಸೇನಾ ನಿರ್ಮಾಣ ಎಂದು ಕಲಮು ಹೇಳುತ್ತದೆ. ಗೋಡೆ ಆ ಮಾತಿನೊಳಗೆ ಬರುತ್ತದೆಯೇ ಎಂಬುದೇ ಕೋರ್ಟಿನ ಜಗಳ. ಸುಪ್ರೀಂ ಕೋರ್ಟ್ ಅಂತಿಮ ತೀರ್ಪು ಕೊಡುವ ಮೊದಲೇ 2021ರ ಜನವರಿ 20ರಂದು ಹೊಸ ಅಧ್ಯಕ್ಷ ಬೈಡನ್ ಘೋಷಣೆಯನ್ನು ರದ್ದು ಮಾಡಿದರು.

ಆ 360 ಕೋಟಿ ಎಲ್ಲಿಂದ ಹೋಯಿತು ಎಂಬುದು ನನಗೆ ಎಲ್ಲಕ್ಕಿಂತ ಮುಖ್ಯ. 127 ಕಾಮಗಾರಿಗಳನ್ನು ಮುಂದೂಡಿದರು. ಕೆಂಟಕಿ-ಟೆನೆಸಿ ಗಡಿಯ ಫೋರ್ಟ್ ಕ್ಯಾಂಪ್‌ಬೆಲ್ ಸೇನಾ ನೆಲೆಯಲ್ಲಿ ಸೈನಿಕರ ಮಕ್ಕಳಿಗೆ ಕಟ್ಟಬೇಕಿದ್ದ ಮಾಧ್ಯಮಿಕ ಶಾಲೆ ಅವುಗಳಲ್ಲೊಂದು. ಅಂದಾಜು ಸುಮಾರು 6.2 ಕೋಟಿ ಡಾಲರ್. ಹಳೆಯ ಶಾಲೆಯ ಊಟದ ಕೋಣೆಯಲ್ಲಿ ಎಲ್ಲರಿಗೂ ಜಾಗವಿಲ್ಲದೆ ಮಕ್ಕಳು ಗ್ರಂಥಾಲಯದಲ್ಲಿ ಕೂತು ಉಣ್ಣುತ್ತಿದ್ದರು. ಮೇಷ್ಟ್ರುಗಳು ಪುಸ್ತಕಗಳನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ತುರ್ತು ಪರಿಸ್ಥಿತಿಯಿಂದ ದುಡ್ಡು ಹುಟ್ಟುತ್ತದೆ ಎನ್ನುವವರು ಆ ತಳ್ಳುಗಾಡಿಯನ್ನು ಒಮ್ಮೆ ನೆನೆಸಿಕೊಳ್ಳಲಿ.

ಮತ್ತೆ ಕೆಲವು ನಂಬಿಕೆಗಳಿವೆ. ತುರ್ತು ಪರಿಸ್ಥಿತಿ ತಾನಾಗಿ ಮುಗಿಯುತ್ತದೆ ಅನ್ನುತ್ತಾರೆ. ಇರಾನ್ ವಿಷಯದಲ್ಲಿ ಜಿಮ್ಮಿ ಕಾರ್ಟರ್ 1979ರ ನವೆಂಬರ್ 14ರಂದು ಘೋಷಿಸಿದ್ದನ್ನು ಬಂದ ಅಧ್ಯಕ್ಷರೆಲ್ಲ ವರ್ಷ ವರ್ಷ ನವೀಕರಿಸುತ್ತ ಬಂದಿದ್ದಾರೆ. ಮಂಜೂರಾದ ಹಣವನ್ನು ಖರ್ಚು ಮಾಡದೆ ಹಿಡಿದಿಡಲು ಅಧ್ಯಕ್ಷರಿಗೆ ಹಕ್ಕಿದೆ ಅನ್ನುತ್ತಾರೆ. ನಿಕ್ಸನ್ ಹಾಗೆ ಮಾಡಿದ್ದಕ್ಕೇ 1974ರಲ್ಲಿ ಅದನ್ನು ತಡೆಯುವ ಕಾಯ್ದೆ ಬಂತು. ಕಾಂಗ್ರೆಸ್ ಬಹುಮತದಿಂದ ಘೋಷಣೆಯನ್ನು ಕಿತ್ತು ಹಾಕಬಹುದು ಎಂಬುದೂ ಪೂರ್ತಿ ನಿಜವಲ್ಲ. 1983ರ ಒಂದು ತೀರ್ಪಿನ ನಂತರ ಆ ನಿರ್ಣಯಕ್ಕೂ ಅಧ್ಯಕ್ಷರ ಅಂಕಿತ ಬೇಕು. ಗೋಡೆಯ ವಿಷಯದಲ್ಲಿ ಸೆನೆಟ್ 59–41ರಲ್ಲಿ ಘೋಷಣೆಯ ವಿರುದ್ಧ ಮತ ಹಾಕಿತು, ಮರುದಿನವೇ ಟ್ರಂಪ್ ವೀಟೊ ಹಾಕಿದರು, ಅದನ್ನು ಮೀರಲು ಬೇಕಾದ ಮೂರನೇ ಎರಡು ಮತ ಕೆಳಮನೆಯಲ್ಲಿ ಸಿಗಲಿಲ್ಲ. ಮಿತಿ ಇದೆ, ಆದರೆ ಅದರಲ್ಲಿ ಇಷ್ಟು ದೊಡ್ಡ ಕಿಂಡಿಯೂ ಇದೆ. ಅದನ್ನು ಮುಚ್ಚುವ ಮಾತು ಆಡಬೇಕಾದವರು "ಅವರಿಗೆ ಸರ್ವಾಧಿಕಾರವಿದೆ" ಎಂದು ಒಪ್ಪಿಕೊಂಡು ಕೂತಿದ್ದಾರೆ.

ನಮ್ಮಲ್ಲಿ ಎಮರ್ಜೆನ್ಸಿ ಎಂದೊಡನೆ 1975 ಕಣ್ಣಮುಂದೆ ಬರುತ್ತದೆ, ಅದನ್ನು ನಾನು ಬಲ್ಲೆ. ಜೈಲು, ಸೆನ್ಸಾರ್, ಮೂಲಭೂತ ಹಕ್ಕುಗಳ ಅಮಾನತು. ಆ ಅರ್ಥವನ್ನು ಅಮೆರಿಕಕ್ಕೆ ಹೊತ್ತೊಯ್ದರೆ ಲೆಕ್ಕ ತಪ್ಪುತ್ತದೆ. ಆದರೆ ಅಲ್ಲಿನವರೇ ಹಾಗೆ ನಂಬುವುದು ನನ್ನನ್ನು ಕಂಗೆಡಿಸುತ್ತದೆ. ಬೆಂಬಲಿಗರು ಆ ಇಲ್ಲದ ಅಧಿಕಾರಕ್ಕೆ ಚಪ್ಪಾಳೆ ತಟ್ಟುತ್ತಾರೆ, ವಿರೋಧಿಗಳು ಅದೇ ಇಲ್ಲದ ಅಧಿಕಾರಕ್ಕೆ ಹೆದರಿ ಬೊಬ್ಬೆ ಹಾಕುತ್ತಾರೆ. ಕಲಮು ತೆರೆದು ಓದುವ ತಾಳ್ಮೆ ಇಬ್ಬರಿಗೂ ಇಲ್ಲ. ತಮ್ಮ ಪಕ್ಷದವರು ಕುರ್ಚಿಯಲ್ಲಿ ಕೂತ ದಿನ ವಿರೋಧಿಗಳೂ ಅದೇ ಅಧಿಕಾರವನ್ನು ನಂಬಿ ಕೈಚಾಚುತ್ತಾರೆ.

2022ರಲ್ಲಿ ಆದದ್ದು ಅದೇ. ಕೊರೊನಾ ತುರ್ತು ಪರಿಸ್ಥಿತಿಯ ಆಧಾರದ ಮೇಲೆ ವಿದ್ಯಾರ್ಥಿ ಸಾಲ ಮನ್ನಾ ಮಾಡುತ್ತೇವೆಂದು ಬೈಡನ್ ಸರ್ಕಾರ ಹೇಳಿತು. ಮೊತ್ತ ಸುಮಾರು 40,000 ಕೋಟಿ ಡಾಲರ್. ಆಧಾರವಾಗಿ ಹಿಡಿದದ್ದು ಯುದ್ಧಕ್ಕೆ ಹೋದ ಸೈನಿಕರ ಸಾಲದ ನಿಯಮ ಸಡಿಲಿಸಲು ಮುಖ್ಯವಾಗಿ ಬರೆದ 2003ರ ಕಾಯ್ದೆ. ಕೋಟಿಗಟ್ಟಲೆ ಜನ ಅರ್ಜಿ ಹಾಕಿದರು. ಕೋರ್ಟುಗಳು ತಡೆಯಾಜ್ಞೆ ಕೊಟ್ಟಾಗಲೇ ನವೆಂಬರಿನಲ್ಲಿ "ನಿಮ್ಮ ಅರ್ಜಿ ಅಂಗೀಕಾರವಾಗಿದೆ" ಎಂಬ ಇಮೇಲ್ ಕೂಡ ಬಂತು. ನಿಯಮ ತಿದ್ದುವುದೆಂದರೆ ಸಣ್ಣಪುಟ್ಟ ಬದಲಾವಣೆಯೇ ಹೊರತು ಹೊಸ ಯೋಜನೆ ಕಟ್ಟುವುದಲ್ಲ ಎಂದು 2023ರ ಜೂನ್ 30ರಂದು ಸುಪ್ರೀಂ ಕೋರ್ಟ್ 6–3ರಲ್ಲಿ ತೀರ್ಪಿತ್ತಿತು. ಆ ಇಮೇಲ್ ಬಂದವರ ಸಾಲ ಆ ಯೋಜನೆಯಿಂದ ಒಂದು ಡಾಲರೂ ಇಳಿಯಲಿಲ್ಲ, ಅಕ್ಟೋಬರಿನಿಂದ ಕಂತು ಮತ್ತೆ ಶುರುವಾಯಿತು.