ಲೋಕವಾರ್ತೆಯಲ್ಲಿ ಭವಿಷ್ಯವಾಣಿ

ಜಗತ್ತಿನ ಯಾವುದೋ ಮೂಲೆಯಲ್ಲಿ ಮಹಾವಿಪತ್ತೊಂದು ಸಂಭವಿಸಿದಾಗ ಎರಡು ಬಗೆಯ ಓದು ಮೊದಲಾಗುತ್ತದೆ. ಕೆಲವರು ವೃತ್ತಪತ್ರಿಕೆಯನ್ನು ಓದುತ್ತಾರೆ. ಇನ್ನು ಕೆಲವರು ಅದನ್ನು ಬದಿಗಿರಿಸಿ ಧರ್ಮಗ್ರಂಥವನ್ನು ತೆರೆಯುತ್ತಾರೆ. ‘ಇದನ್ನು ಹಿಂದೆಯೇ ಹೇಳಿಟ್ಟಿದ್ದಾರೆ’ ಎಂಬ ಮಾತು ಆಗ ಕೇಳಿಬರುತ್ತದೆ. ಈ ಮಾತಿನಲ್ಲಿ ಭಯವಿದೆ. ಭಯದ ಒಡಲಲ್ಲೇ ಒಂದು ಬಗೆಯ ಸಮಾಧಾನವೂ ಇದೆ. ಆ ಸಮಾಧಾನಕ್ಕೆ ನಾವು ತೆರುವ ಬೆಲೆ ಏನು ಎಂಬುದನ್ನು ಒಂದು ನಿದರ್ಶನದಿಂದ ವಿಚಾರಿಸಬಹುದು.

1986ರ ಏಪ್ರಿಲ್ 26ರಂದು, ನಡುರಾತ್ರಿ ಕಳೆದು 1 ಗಂಟೆ 23 ನಿಮಿಷವಾಗಿದ್ದಾಗ, ಅಂದಿನ ಸೋವಿಯತ್ ಒಕ್ಕೂಟಕ್ಕೆ ಸೇರಿದ್ದ ಉಕ್ರೇನಿನ ಚೆರ್ನೋಬಿಲ್ ಅಣುವಿದ್ಯುತ್ ಸ್ಥಾವರದ ನಾಲ್ಕನೆಯ ಘಟಕ ಸ್ಫೋಟಗೊಂಡಿತು. ಸಮೀಪದ ಪ್ರಿಪ್ಯತ್ ನಗರದ ಸುಮಾರು 49,000 ಜನ ಮರುದಿನ ಮಧ್ಯಾಹ್ನ ಮನೆಮಠಗಳನ್ನು ಬಿಟ್ಟು ಹೊರಟರು. ಕೆಲವು ದಿನಗಳಲ್ಲಿ ಮರಳಬಹುದೆಂದು ನಂಬಿದ್ದ ಅವರು ಮರಳಲಿಲ್ಲ.

ದುರಂತದ ಸುದ್ದಿ ಹಬ್ಬುತ್ತಿದ್ದಂತೆ ಅದರ ಜೊತೆಗೇ ಇನ್ನೊಂದು ಸುದ್ದಿಯೂ ಹಬ್ಬಿತು. ಚೆರ್ನೋಬಿಲ್ ಎಂಬುದು ಆ ಸೀಮೆಯ ಒಂದು ಕಹಿಗಿಡದ ಹೆಸರು. ಬೈಬಲ್ಲಿನ ಕಡೆಯ ಗ್ರಂಥವಾದ ‘ಪ್ರಕಟನೆ’ಯ 8ನೆಯ ಅಧ್ಯಾಯದಲ್ಲಿ ಮೂರನೆಯ ದೇವದೂತನು ಕಹಳೆಯೂದಿದಾಗ ಪಂಜಿನಂತೆ ಉರಿಯುವ ಮಹಾನಕ್ಷತ್ರವೊಂದು ಆಕಾಶದಿಂದ ನದಿಗಳ ಮೇಲೂ ಬುಗ್ಗೆಗಳ ಮೇಲೂ ಬೀಳುವ ದರ್ಶನವಿದೆ. ಆ ನಕ್ಷತ್ರಕ್ಕೆ ಕಹಿಗಿಡವೊಂದರ ಹೆಸರು. ನೀರು ಕಹಿಯಾಗಿ ಅದನ್ನು ಕುಡಿದ ಅನೇಕರು ಸಾಯುತ್ತಾರೆ. ಗಿಡದ ಹೆಸರು, ಬೆಂಕಿ, ಕೆಟ್ಟ ನೀರು, ಸಾವು ಎಲ್ಲವೂ ಕೂಡಿಬಂದಂತೆ ತೋರಿತು. ಮನೆ ಕಳೆದುಕೊಂಡವರಿಗೆ ಇದು ಎಷ್ಟು ಗಾಢವಾಗಿ ತಟ್ಟಿರಬೇಕೆಂಬುದನ್ನು ನಾವು ಊಹಿಸಬಲ್ಲೆವು. ಅವರ ನಂಬಿಕೆಯನ್ನು ನಕ್ಕು ತಳ್ಳಿಹಾಕುವುದು ಸುಲಭ, ಆದರೆ ಸೌಜನ್ಯವಲ್ಲ.

ಆದರೂ ಪರಿಶೀಲನೆ ಅಗತ್ಯ. ‘ಪ್ರಕಟನೆ’ಯ ಮೂಲ ಗ್ರೀಕಿನಲ್ಲಿರುವ ಗಿಡವೂ ಉಕ್ರೇನಿನ ಚೆರ್ನೋಬಿಲ್ ಗಿಡವೂ ಒಂದೇ ಕುಲದವು, ಒಂದೇ ಗಿಡವಲ್ಲ. ಗ್ರೀಕ್ ಮಾತು ಸೂಚಿಸುವ ಗಿಡಕ್ಕೆ ಉಕ್ರೇನಿ ಭಾಷೆಯಲ್ಲಿ ಬೇರೆಯೇ ಹೆಸರಿದೆ. ಚೆರ್ನೋಬಿಲ್ ಪಟ್ಟಣವು ಸ್ಥಾವರದಿಂದ ಸುಮಾರು 15 ಕಿಲೋಮೀಟರು ದೂರದಲ್ಲಿದೆ. ಸ್ಥಾವರದ ಮಗ್ಗುಲಲ್ಲಿದ್ದದ್ದು ಪ್ರಿಪ್ಯತ್. ಸ್ಥಾವರಕ್ಕೆ ಪ್ರಿಪ್ಯತ್ತಿನ ಹೆಸರನ್ನೇ ಇಟ್ಟಿದ್ದರೆ ಈ ಭವಿಷ್ಯವಾಣಿ ಯಾರಿಗೂ ನೆನಪಾಗುತ್ತಿರಲಿಲ್ಲ. ಮತ್ತೊಂದು ಕುತೂಹಲದ ಸಂಗತಿಯೆಂದರೆ, ನಮ್ಮ ಮಾಚಿಪತ್ರೆ ಮತ್ತು ದವನಗಳೂ ಇದೇ ಕುಲಕ್ಕೆ ಸೇರಿದವು. ಮಾಚಿಪತ್ರೆ ಗಣಪತಿಗೆ ಏರುತ್ತದೆ. ದವನ ಹೂಮಾಲೆಯಲ್ಲಿ ಪರಿಮಳಿಸುತ್ತದೆ. ಒಂದು ನಾಡಿನಲ್ಲಿ ಪ್ರಳಯದ ಕಹಿಯಾದದ್ದು ಇನ್ನೊಂದು ನಾಡಿನಲ್ಲಿ ಪೂಜೆಯ ಪರಿಮಳವಾಗಿದೆ. ಗಿಡಕ್ಕೆ ಅರ್ಥವನ್ನು ಕೊಟ್ಟವನು ಮನುಷ್ಯ.

ಅರ್ಥ ಹೀಗೆ ಘಟನೆಯ ಹಿಂದಿನಿಂದ ಬಂದು ಕೂಡಿಕೊಳ್ಳುವುದನ್ನು ನಾವೂ ಕಂಡಿದ್ದೇವೆ. 1962ರ ಫೆಬ್ರವರಿಯ ಮೊದಲ ವಾರದಲ್ಲಿ ಮಕರರಾಶಿಯಲ್ಲಿ ಅಷ್ಟಗ್ರಹಕೂಟ ಏರ್ಪಟ್ಟಿತು. ಲೋಕಕ್ಕೆ ಅಂತ್ಯಕಾಲ ಬಂತೆಂದು ದೇಶದ ಉದ್ದಗಲಕ್ಕೂ ಜನ ತಲ್ಲಣಿಸಿದರು. ಊರೂರುಗಳಲ್ಲಿ ಹೋಮ, ಜಪ, ಭಜನೆಗಳು ನಡೆದವು. ದಿನಗಳು ಉರುಳಿದವು, ಲೋಕ ಉಳಿಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಚೀನಾದೊಡನೆ ಯುದ್ಧವಾದಾಗ, ‘ಗ್ರಹಕೂಟದ ಫಲ ಈಗ ಕಂಡಿತು’ ಎಂದವರಿದ್ದರು. ಪ್ರಳಯ ಸಂಭವಿಸಿದ್ದರೆ ಭವಿಷ್ಯ ನಿಜ. ಸಂಭವಿಸದಿದ್ದರೆ ಪೂಜೆಯ ಫಲ. ಎಂಟು ತಿಂಗಳ ಬಳಿಕ ಇನ್ನೇನಾದರೂ ಆದರೆ ಅದೂ ಗ್ರಹಗಳ ಪ್ರಭಾವ. ಎಂದೂ ತಪ್ಪಾಗಲಾರದ ಮಾತು ನಮಗೆ ಏನನ್ನೂ ಮುಂದಾಗಿ ತಿಳಿಸಲಾರದು.

ಭವಿಷ್ಯವಾಣಿಯ ಭಾಷೆಯ ಸ್ವಭಾವವೇ ಅಂಥದು. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರಣಿಕ ಕೆಲವೇ ಪದಗಳದು. ರೈತ ಅದರಲ್ಲಿ ಮಳೆಬೆಳೆಯನ್ನು ಕಾಣುತ್ತಾನೆ, ರಾಜಕಾರಣಿ ತನ್ನ ಗದ್ದುಗೆಯನ್ನು ಕಾಣುತ್ತಾನೆ. ಮಾತು ಕಿರಿದಾದಷ್ಟೂ ಅದರೊಳಗೆ ಕೇಳುವವನ ಆಸೆಗೂ ಅಂಜಿಕೆಗೂ ಹೆಚ್ಚು ಎಡೆ ಸಿಗುತ್ತದೆ. ಕಾವ್ಯದಲ್ಲಿ ಇದು ಗುಣ. ಲೋಕವಾರ್ತೆಯನ್ನು ಅಳೆಯುವ ಕೋಲಾಗಿ ಇದನ್ನೇ ಹಿಡಿದಾಗ ತೊಡಕು ಹುಟ್ಟುತ್ತದೆ.

ಆ ತೊಡಕು ಎಂಥದೆಂಬುದಕ್ಕೆ ಮತ್ತೆ ಚೆರ್ನೋಬಿಲ್ಲಿಗೇ ಹೋಗಬೇಕು. ಅಲ್ಲಿ ಆಕಾಶದಿಂದ ಏನೂ ಬೀಳಲಿಲ್ಲ. ಅಂದು ರಾತ್ರಿ ಒಂದು ಸುರಕ್ಷತಾ ಪರೀಕ್ಷೆ ನಡೆಯುತ್ತಿತ್ತು. ಕೆಲವು ರಕ್ಷಣಾ ವ್ಯವಸ್ಥೆಗಳನ್ನು ತಡೆಹಿಡಿಯಲಾಗಿತ್ತು. ಕೊನೆಗೆ ಸ್ಥಾವರವನ್ನು ನಿಲ್ಲಿಸಲು ಗುಂಡಿ ಒತ್ತಿದಾಗ ಒಳಗಿಳಿದ ನಿಯಂತ್ರಣ ಸರಳುಗಳು, ತಮ್ಮ ಗ್ರಾಫೈಟ್ ಭಾಗದ ದೋಷದಿಂದಾಗಿ, ಮೊದಲ ಗಳಿಗೆಯಲ್ಲಿ ಕ್ರಿಯೆಯನ್ನು ತಗ್ಗಿಸುವ ಬದಲು ಹೆಚ್ಚಿಸಿದವು. ಈ ಮಾದರಿಯ ಸ್ಥಾವರಗಳ ಅಪಾಯದ ಸುಳಿವು 1975ರಲ್ಲಿ ಲೆನಿನ್‌ಗ್ರಾಡ್ ಸ್ಥಾವರದಲ್ಲಿ ದೊರೆತಿತ್ತು. ಸರಳುಗಳ ವಿಪರೀತ ನಡತೆ 1983ರಲ್ಲಿ ಲಿಥುವೇನಿಯದ ಇಗ್ನಲೀನ ಸ್ಥಾವರದಲ್ಲಿ ಕಣ್ಣಿಗೇ ಬಿದ್ದಿತ್ತು. ಚೆರ್ನೋಬಿಲ್ಲಿನಲ್ಲಿ ಗುಂಡಿ ಒತ್ತಿದವರಿಗೆ ಆ ಎಚ್ಚರಿಕೆ ತಲುಪಿರಲಿಲ್ಲ. ಸ್ಫೋಟವಾದ ಮೇಲೂ ಮೌನವೇ ಮುಂದುವರಿಯಿತು. ದೂರದ ಸ್ವೀಡನ್ನಿನ ಸ್ಥಾವರವೊಂದರಲ್ಲಿ ವಿಕಿರಣ ಪತ್ತೆಯಾದ ಬಳಿಕವೇ, ಏಪ್ರಿಲ್ 28ರ ಸಂಜೆ, ಮಾಸ್ಕೋ ಬಾಯಿ ತೆರೆಯಿತು.

ಹೀಗೆ ನೋಡಿದರೆ ಚೆರ್ನೋಬಿಲ್ಲಿಗೆ ನಿಜವಾಗಿಯೂ ಒಂದು ಭವಿಷ್ಯವಾಣಿ ಇತ್ತು. ಅದು ಕಡತಗಳಲ್ಲಿತ್ತು. ಅದರಲ್ಲಿ ಸ್ಥಳವೂ ಯಂತ್ರವೂ ದೋಷವೂ ಸ್ಪಷ್ಟವಾಗಿದ್ದವು. ಅದನ್ನು ಓದಿ ದುರಂತವನ್ನು ತಪ್ಪಿಸಬಹುದಾಗಿತ್ತು. ‘ನಕ್ಷತ್ರ ಬಿದ್ದಿತು’ ಎಂದು ಹೇಳಿ ಮುಗಿಸಿದರೆ ಈ ಕಡತಗಳನ್ನು ಯಾರೂ ಕೇಳುವುದಿಲ್ಲ. ದೈವಸಂಕಲ್ಪವಾದದ್ದಕ್ಕೆ ವಿಚಾರಣೆಯೆಲ್ಲಿ? ಮರೆಮಾಚಿದವರಿಗೆ ಇದಕ್ಕಿಂತ ಒಳ್ಳೆಯ ಆಶ್ರಯ ಮತ್ತೊಂದಿಲ್ಲ.

ಹಾಗಾದರೆ ಧರ್ಮದ ಸಂಕೇತಗಳಿಗೆ ಆಧುನಿಕ ಜಗತ್ತಿನಲ್ಲಿ ಸ್ಥಾನವೇ ಇಲ್ಲವೆ? ಇದೆ, ಮತ್ತು ಅದು ದೊಡ್ಡ ಸ್ಥಾನ. 1945ರ ಜುಲೈ 16ರಂದು ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಮೊದಲ ಅಣುಬಾಂಬಿನ ಪರೀಕ್ಷೆ ನಡೆಯಿತು. ಆ ಕಾರ್ಯದ ಮುಂದಾಳಾಗಿದ್ದ ರಾಬರ್ಟ್ ಓಪನ್‌ಹೈಮರ್ 1965ರ ದೂರದರ್ಶನ ಚಿತ್ರವೊಂದರಲ್ಲಿ, ಆ ಹೊತ್ತಿನಲ್ಲಿ ತನಗೆ ಗೀತೆಯ ಹನ್ನೊಂದನೆಯ ಅಧ್ಯಾಯದ ವಿಶ್ವರೂಪ ನೆನಪಾಯಿತೆಂದು ಹೇಳಿದ. ಗೀತೆಯಲ್ಲಿ ಅಣುಬಾಂಬಿನ ಸೂಚನೆಯಿದೆಯೆಂದು ಅವನು ಹೇಳಲಿಲ್ಲ. ತಾನೂ ತನ್ನ ಸಂಗಡಿಗರೂ ಮಾಡಿದ ಕೆಲಸದ ಭೀಕರತೆಯನ್ನು ಹೇಳಲು ಬೇರೆ ಮಾತು ಸಾಲದೆ ಆ ಸಂಕೇತದ ಮೊರೆಹೊಕ್ಕ. ಭವಿಷ್ಯವಾಗಿ ಓದಿದ ಸಂಕೇತ ನಮ್ಮ ಹೆಗಲ ಹೊಣೆಯನ್ನು ಇಳಿಸುತ್ತದೆ. ಕನ್ನಡಿಯಾಗಿ ಓದಿದ ಸಂಕೇತ ಆ ಹೊಣೆಯ ಭಾರವನ್ನು ತೋರಿಸುತ್ತದೆ.

ದುರಂತಕ್ಕೆ 25 ವರ್ಷ ತುಂಬಿದ 2011ರಲ್ಲಿ ಚೆರ್ನೋಬಿಲ್ ಪಟ್ಟಣದಲ್ಲೊಂದು ಸ್ಮಾರಕ ಎದ್ದಿತು. ಅಲ್ಲಿ ಕಬ್ಬಿಣದ ದೇವದೂತನೊಬ್ಬ ಕಹಳೆ ಊದುತ್ತ ನಿಂತಿದ್ದಾನೆ. ಅವನ ಬಳಿಯಲ್ಲಿ, ಜನರು ಬಿಟ್ಟುಹೋದ ಹಳ್ಳಿಗಳ ಹೆಸರಿನ ಫಲಕಗಳ ಸಾಲಿದೆ. ‘ಪ್ರಕಟನೆ’ಯ ದೇವದೂತ ಇಲ್ಲಿ ಮುಂದಾಗುವುದನ್ನು ಸಾರುತ್ತಿಲ್ಲ, ಆಗಿಹೋದದ್ದನ್ನು ಹೆಸರು ಹಿಡಿದು ನೆನಪಿಸುತ್ತಿದ್ದಾನೆ. ಆ ಹೆಸರುಗಳನ್ನು ಒಂದೊಂದಾಗಿ ಓದಿದವನು ‘ಇದು ಬರೆದಿಟ್ಟದ್ದು’ ಎಂದು ಸುಮ್ಮನಾಗಲಾರ. ಇದು ಏಕಾಯಿತು, ಯಾರು ಬಲ್ಲವರಾಗಿದ್ದರು, ಏಕೆ ಹೇಳಲಿಲ್ಲ ಎಂದು ಅವನು ಕೇಳಿಯೇ ಕೇಳುತ್ತಾನೆ.

(ಬಾನುಲಿ ಭಾಷಣ)