ನೇರಳೆ ಪಟ್ಟಿಯ ಮೆಕ್ಯಾನಿಕ್

ಸಾಹಸಿಗಳ ತಂಡದ ಕಥೆ ಯಾವುದೇ ಇರಲಿ, ಅದರಲ್ಲಿ ಒಬ್ಬ ನಾಯಕ, ಒಬ್ಬ ಮುಂಗೋಪಿ, ಒಬ್ಬ ನಗಿಸುವವ ಇದ್ದೇ ಇರುತ್ತಾರೆ. ಅವರ ಪಕ್ಕದಲ್ಲಿ ಇನ್ನೂ ಒಬ್ಬ ಇರುತ್ತಾನೆ. ಉಕ್ಕಿನ ಬಾಗಿಲು ತೆರೆಯದಿದ್ದಾಗ, ಗಾಡಿ ನಡುದಾರಿಯಲ್ಲಿ ನಿಂತಾಗ ಎಲ್ಲರ ಕಣ್ಣು ಅವನ ಕಡೆ ಹೊರಳುತ್ತದೆ. ಬಾಗಿಲು ತೆರೆದುಕೊಂಡ ಮರುಕ್ಷಣ ಕ್ಯಾಮೆರಾ ಮತ್ತೆ ನಾಯಕನ ಹಿಂದೆ ಓಡುತ್ತದೆ. 1965ರ ಬ್ರಿಟಿಷ್ ಬೊಂಬೆ ಸರಣಿ ‘ಥಂಡರ್‌ಬರ್ಡ್ಸ್’ನಲ್ಲಿ ಐವರು ಸಹೋದರರು ಹಾರಿಸುವ ಯಂತ್ರಗಳನ್ನೆಲ್ಲ ರೂಪಿಸಿದ ಬ್ರೇನ್ಸ್ ಇಂಥವನು. 1993ರಲ್ಲಿ ಬಂದ ‘ಪವರ್ ರೇಂಜರ್ಸ್’ನ ನೀಲಿ ರೇಂಜರ್ ಬಿಲ್ಲಿಯೂ ಇಂಥವನೇ. ಈ ಬಳಗದಲ್ಲಿ ನನಗೆ ಎಲ್ಲರಿಗಿಂತ ಪ್ರಿಯನಾದವನು ಒಂದು ಆಮೆ. ನ್ಯೂಯಾರ್ಕಿನ ನೆಲದಡಿಯ ಚರಂಡಿ ಸುರಂಗದಲ್ಲಿ ವಾಸ, ಕಣ್ಣಿಗೆ ನೇರಳೆ ಪಟ್ಟಿ, ಕೈಯಲ್ಲೊಂದು ಮರದ ಕೋಲು. ‘ಟೀನೇಜ್ ಮ್ಯೂಟಂಟ್ ನಿಂಜಾ ಟರ್ಟಲ್ಸ್’ ತಂಡದ ಡೊನಾಟೆಲ್ಲೊ.

ಇವನು ಹುಟ್ಟುವಾಗ ಬುದ್ಧಿವಂತನಾಗಿರಲಿಲ್ಲ. 1983ರ ನವೆಂಬರಿನಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಡೋವರ್ ಎಂಬ ಊರಿನಲ್ಲಿ ಕೆವಿನ್ ಈಸ್ಟ್‌ಮನ್ ಎಂಬ ಚಿತ್ರಗಾರ ಗೆಳೆಯ ಪೀಟರ್ ಲೇರ್ಡ್‌ನನ್ನು ನಗಿಸಲೆಂದು ಎರಡು ಕಾಲಿನ ಮೇಲೆ ನಿಂತ ಆಮೆಯೊಂದನ್ನು ಬರೆದ. ಅದರ ತೋಳಿಗೆ ಆಯುಧ ಕಟ್ಟಿದ. ಒಂದಿದ್ದದ್ದು ನಾಲ್ಕಾಯಿತು. ವಾಪಸು ಬಂದ ತೆರಿಗೆ ಹಣಕ್ಕೆ ಈಸ್ಟ್‌ಮನ್‌ನ ಚಿಕ್ಕಪ್ಪ ಕೊಟ್ಟ ಸಾಲವನ್ನು ಸೇರಿಸಿ, 1984ರ ಮೇ ತಿಂಗಳಲ್ಲಿ ಸುಮಾರು ಮೂರು ಸಾವಿರ ಪ್ರತಿಗಳ ಕಪ್ಪು-ಬಿಳುಪು ಕಾಮಿಕ್ಸ್ ಹೊರತಂದರು. ಅದರ ಪುಟಗಳಲ್ಲಿ ನಾಲ್ವರು ಅಣ್ಣತಮ್ಮಂದಿರೂ ಒಂದೇ ಅಚ್ಚು. ಯಾರು ಯಾರೆಂದು ಹೇಳಬೇಕಾದರೆ ಕೈಯಲ್ಲಿರುವ ಆಯುಧವನ್ನೇ ನೋಡಬೇಕು. ಬಣ್ಣದ ಮುಖಪುಟಗಳಲ್ಲೂ ಎಲ್ಲರಿಗೂ ಕೆಂಪು ಪಟ್ಟಿಯೇ. ಡೊನಾಟೆಲ್ಲೊ ಎಂದರೆ ಕೋಲು ಹಿಡಿದವನು, ಅಷ್ಟೇ. ಆದರೂ ಆ ಮೊದಲ ಸಂಚಿಕೆಯ ಕೊನೆಯಲ್ಲಿ, ಮಹಡಿಯ ಮೇಲೆ ಗಾಯಗೊಂಡ ಶತ್ರು ಶ್ರೆಡ್ಡರ್ ಎಲ್ಲರನ್ನೂ ತನ್ನೊಡನೆ ಸಾಯಿಸಲು ಸಿಡಿಗುಂಡನ್ನು ಕೈಗೆತ್ತಿಕೊಂಡಾಗ, ಕೋಲನ್ನು ಬೀಸಿ ಎಸೆದು ಅವನನ್ನು ಕೆಳಗೆ ಉರುಳಿಸಿದವನು ಡೊನಾಟೆಲ್ಲೊ. ಮನೆಯವರ ಪ್ರಾಣ ಉಳಿಸುವ ಕೆಲಸ ಅಲ್ಲಿಂದಲೇ ಅವನ ಪಾಲಿಗೆ ಬಂತು.

ನಾಲ್ವರಿಗೂ ಇಟಲಿಯ ಪುನರುಜ್ಜೀವನ ಕಾಲದ ಕಲಾವಿದರ ಹೆಸರು. ಯಂತ್ರಗಳ ಕನಸು ಕಂಡ, ಹಾರುವ ಸಾಧನಗಳ ನಕ್ಷೆ ಬರೆದ ಲಿಯೊನಾರ್ಡೊ ಡಾ ವಿಂಚಿಯ ಹೆಸರು ನಾಯಕನಿಗೆ ಹೋಯಿತು. ಯಂತ್ರಗಳ ಕೆಲಸ ಮಾತ್ರ ಹದಿನೈದನೆಯ ಶತಮಾನದ ಶಿಲ್ಪಿ ಡೊನಾಟೆಲ್ಲೊನ ಹೆಸರಿನವನಿಗೆ ಬಂತು. ಇದನ್ನು ತಪ್ಪು ಎನ್ನುವವರಿದ್ದಾರೆ. ನನಗೆ ಇದೇ ಸರಿ ಎನಿಸುತ್ತದೆ. ಫ್ಲಾರೆನ್ಸಿನ ಆ ಡೊನಾಟೆಲ್ಲೊ ಕಂಚು ಎರಕ ಹೊಯ್ಯುವ, ಕಲ್ಲು ಕಡೆಯುವ ಕಾರ್ಯಾಗಾರದ ಮನುಷ್ಯ. ಅವನ ಕಂಚಿನ ದಾವಿದನ ಪ್ರತಿಮೆ ಇಂದಿಗೂ ಅಲ್ಲಿನ ಬಾರ್ಜೆಲ್ಲೊ ಸಂಗ್ರಹಾಲಯದಲ್ಲಿದೆ. ಕಲಾವಿದರ ಜೀವನಚರಿತ್ರೆ ಬರೆದ ವಸಾರಿ ಅವನ ಬಗ್ಗೆ ಹೇಳುವ ಮಾತೊಂದಿದೆ. ತನ್ನ ಹಣವನ್ನೆಲ್ಲ ಬುಟ್ಟಿಯಲ್ಲಿ ಹಾಕಿ ಕಾರ್ಯಾಗಾರದ ಮಾಡಿನಿಂದ ಹಗ್ಗದಲ್ಲಿ ಇಳಿಬಿಟ್ಟಿದ್ದನಂತೆ. ಕೆಲಸದವರು, ಗೆಳೆಯರು ಬೇಕಾದಷ್ಟು ತೆಗೆದುಕೊಳ್ಳಬಹುದು, ಕೇಳುವ ಅಗತ್ಯವೇ ಇಲ್ಲ. ಕಾಮಿಕ್ಸ್‌ನವರು ಈ ಬುಟ್ಟಿಯನ್ನು ನೆನೆದು ಹೆಸರಿಟ್ಟರೆಂದು ನಾನು ಹೇಳುತ್ತಿಲ್ಲ. ಆದರೆ ತನ್ನಲ್ಲಿರುವುದನ್ನೆಲ್ಲ ಮನೆಯವರ ಕೈಗೆ ಸಿಗುವಂತೆ ಇಡುವ ಸ್ವಭಾವ ಈ ಆಮೆಯಲ್ಲಿ ಬೆಳೆದದ್ದು ನಿಜ.

ಬುದ್ಧಿ ಬಂದದ್ದು ಟೀವಿಯಿಂದ. 1987ರ ಡಿಸೆಂಬರಿನಲ್ಲಿ ಮೊದಲ ಕಾರ್ಟೂನ್ ಸರಣಿ ಶುರುವಾದಾಗ ಮಕ್ಕಳು ನಾಲ್ವರನ್ನೂ ದೂರದಿಂದಲೇ ಗುರುತಿಸಬೇಕಿತ್ತು. ಆಟಿಕೆಗಳೂ ಮಾರಾಟವಾಗಬೇಕಿತ್ತು. ಹಾಗಾಗಿ ನಾಲ್ಕು ಬಣ್ಣ, ನಾಲ್ಕು ಗುಣ. ಡೊನಾಟೆಲ್ಲೊಗೆ ನೇರಳೆ ಪಟ್ಟಿ ಮತ್ತು ಯಂತ್ರಜ್ಞಾನ. ಆಮೆಗಳ ವ್ಯಾನು, ಬಲೂನಿನ ವಿಮಾನ, ಚಿಪ್ಪಿನ ಹಾಗೆ ತೆರೆದು ಮಾತಾಡುವ ಕೈಯಂತ್ರ ಎಲ್ಲದರ ಹಿಂದೆಯೂ ಅವನದೇ ತಲೆ. 1996ರವರೆಗೆ 193 ಕಂತುಗಳಲ್ಲಿ ಹರಿದ ಆ ಸರಣಿ ಇವನನ್ನು ಜಗತ್ತಿಗೆ ಪರಿಚಯಿಸಿತು, ಆ ಋಣ ದೊಡ್ಡದು. ಆದರೆ ಅದರಲ್ಲಿ ನನ್ನನ್ನು ಕಾಡುವ ಎರಡು ಸಂಗತಿಗಳಿವೆ. ಒಂದು, ಯಂತ್ರಗಳು ಅಲ್ಲಿ ತೀರ ಸುಲಭವಾಗಿ ಹುಟ್ಟುತ್ತವೆ. ಒಂದು ದೃಶ್ಯದಲ್ಲಿ ತೊಂದರೆ ಎದುರಾದರೆ ಮುಂದಿನ ದೃಶ್ಯದಲ್ಲಿ ಅದಕ್ಕೆ ತಕ್ಕ ಉಪಕರಣ ಸಿದ್ಧ. ಕೆಲಸ ಕಲಿತವರಿಗೆಲ್ಲ ಗೊತ್ತು, ನಡುವಿನ ಆ ರಾತ್ರಿಗಳೇ ನಿಜವಾದ ಕಥೆ. ಎರಡನೆಯದು ಇನ್ನೂ ನೋವಿನದು. ಡೊನಾಟೆಲ್ಲೊ ಬಾಯಿ ತೆರೆದು ಒಂದು ತತ್ತ್ವ ವಿವರಿಸಲು ಹೊರಟರೆ ಉಳಿದವರು ಕಣ್ಣು ಮಿಟುಕಿಸುತ್ತಾರೆ, ಅರ್ಥವಾಗಲಿಲ್ಲ ಎಂದು ತಡೆಯುತ್ತಾರೆ, ನೋಡುವ ಮಕ್ಕಳು ನಗುತ್ತಾರೆ. ತಿಳಿದದ್ದನ್ನು ಹೇಳಿದವನನ್ನು ನೋಡಿ ನಗುವುದನ್ನು ಮಕ್ಕಳು ಬೇಗ ಕಲಿಯುತ್ತಾರೆ, ತರಗತಿಗೂ ಹೊತ್ತೊಯ್ಯುತ್ತಾರೆ.

1990ರಲ್ಲಿ ಸ್ಟೀವ್ ಬ್ಯಾರನ್ ನಿರ್ದೇಶಿಸಿದ ಸಿನಿಮಾ ಬಂತು. ವಿಚಿತ್ರವೆಂದರೆ ಅದರಲ್ಲಿ ಡೊನಾಟೆಲ್ಲೊಗೆ ಉಪಕರಣಗಳೇ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಒಂದು ಪುಟ್ಟ ದೃಶ್ಯದಲ್ಲಿ ಅವನು ಕಾರ್ಟೂನಿಗಿಂತ ಹೆಚ್ಚು ಜೀವಂತನಾಗಿದ್ದಾನೆ. ಸೋತು ಹಳ್ಳಿಮನೆಗೆ ಬಂದು ಅಡಗಿರುವಾಗ ಅವನೂ ಕೇಸಿ ಜೋನ್ಸ್ ಎಂಬ ಒರಟನೂ ಹಳೆಯ ಟ್ರಕ್ಕೊಂದನ್ನು ರಿಪೇರಿ ಮಾಡುತ್ತಾ ಕೂರುತ್ತಾರೆ. ಕೈ ಇಂಜಿನ್ನಿನಲ್ಲಿ, ಬಾಯಲ್ಲಿ ಅಕ್ಷರಮಾಲೆಯ ಕ್ರಮದಲ್ಲಿ ಒಬ್ಬರಿಗೊಬ್ಬರು ಬೈಗುಳ. ಒಟ್ಟಿಗೆ ಗ್ರೀಸು ಬಳಿದುಕೊಂಡ ಇಬ್ಬರು ಗೆಳೆಯರಾಗುವ ಬಗೆಯನ್ನು ಇಷ್ಟು ಚೆನ್ನಾಗಿ ತೋರಿಸಿದ ಮಕ್ಕಳ ಸಿನಿಮಾ ನಾನು ಬೇರೆ ನೋಡಿಲ್ಲ. ಅಂದಹಾಗೆ ಆ ಚಿತ್ರದ ನಿಜವಾದ ಯಂತ್ರಶಿಲ್ಪಿಗಳು ತೆರೆಯ ಹಿಂದಿದ್ದರು. ಆಮೆಗಳ ವೇಷ ಸಿದ್ಧವಾದದ್ದು ಜಿಮ್ ಹೆನ್ಸನ್ನರ ಕ್ರೀಚರ್ ಶಾಪ್‌ನಲ್ಲಿ. ತಲೆಯೊಳಗೆ ಸಣ್ಣ ಸಣ್ಣ ಮೋಟರುಗಳು. ವೇಷದೊಳಗಿನ ನಟ ಮೈ ಆಡಿಸಿದರೆ, ಹೊರಗೆ ನಿಂತ ಬೊಂಬೆಯಾಟಗಾರ ದೂರದಿಂದಲೇ ತುಟಿ, ಹುಬ್ಬು, ಕಣ್ಣುಗಳನ್ನು ಆಡಿಸುತ್ತಿದ್ದ.

ಈ ಪಾತ್ರದ ತೂಕವನ್ನು ಪೂರ್ತಿಯಾಗಿ ತಿಳಿದು ಬರೆದ ಕಂತೊಂದಿದೆ. 2003ರಲ್ಲಿ ಶುರುವಾದ ಎರಡನೆಯ ಕಾರ್ಟೂನ್ ಸರಣಿಯ ಮೂರನೆಯ ಸೀಸನ್ನಿನ ‘ಸೇಮ್ ಆಸ್ ಇಟ್ ನೆವರ್ ವಾಸ್’. ಕಾಲವನ್ನು ದಾಟಿಸುವ ದಂಡವೊಂದರ ಹೊಡೆತಕ್ಕೆ ಡೊನಾಟೆಲ್ಲೊ ಬೇರೊಂದು ಭವಿಷ್ಯಕ್ಕೆ ಎಸೆಯಲ್ಪಡುತ್ತಾನೆ. ಆ ಲೋಕದಲ್ಲಿ ಡೊನಾಟೆಲ್ಲೊ ಮೂವತ್ತು ವರ್ಷಗಳ ಹಿಂದೆಯೇ ಕಾಣೆಯಾದವನು. ಶ್ರೆಡ್ಡರ್ ಇಡೀ ಭೂಮಿಯನ್ನು ಆಳುತ್ತಿದ್ದಾನೆ. ಮೊದಲು ಸಿಗುವವನು ತಂಡವನ್ನು ನಗಿಸುತ್ತಿದ್ದ ಮೈಕೆಲ್ಯಾಂಜೆಲೊ, ಒಂದು ತೋಳಿಲ್ಲ, ಮುಖದಲ್ಲಿ ನಗುವಿಲ್ಲ. ಮುಂಗೋಪಿ ರಾಫೆಲ್‌ನ ಒಂದು ಕಣ್ಣು ಹೋಗಿದೆ. ಲಿಯೊನಾರ್ಡೊ ಕಪ್ಪು ಕನ್ನಡಕದ ಹಿಂದೆ ದೃಷ್ಟಿ ಕಳೆದುಕೊಂಡಿದ್ದಾನೆ. ಅವರನ್ನು ಸಾಕಿ ಬೆಳೆಸಿದ ಗುರು ಸ್ಪ್ಲಿಂಟರ್ ಮಣ್ಣು ಸೇರಿದ್ದಾನೆ. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡದೆ ವರ್ಷಗಳಾಗಿವೆ.

ಈ ಕಂತು ನನಗೆ ಮುಖ್ಯವಾಗುವುದು ಒಂದು ಕಾರಣಕ್ಕೆ. ಬುದ್ಧಿವಂತ ಇಲ್ಲದ ತಂಡ ಹೇಗಿರುತ್ತದೆ ಎಂದು ಸಾಮಾನ್ಯ ಲೇಖಕನನ್ನು ಕೇಳಿದರೆ ಉಪಕರಣವಿಲ್ಲದೆ ಸೋಲುತ್ತದೆ ಎನ್ನುತ್ತಾನೆ. ಇಲ್ಲಿನ ಸೋಲು ಆ ಬಗೆಯದಲ್ಲ. ಲಿಯೊನಾರ್ಡೊ ಮತ್ತು ರಾಫೆಲ್ ಸ್ವಭಾವದಲ್ಲೇ ಜಗಳಗಂಟರು, ಒಬ್ಬ ಕಟ್ಟುನಿಟ್ಟು, ಇನ್ನೊಬ್ಬ ಬೆಂಕಿ. ಅವರಿಬ್ಬರ ನಡುವೆ ಮಾತು ಮುರಿಯದಂತೆ ಇಷ್ಟು ದಿನ ನೋಡಿಕೊಂಡವನು ಮೂಲೆಯಲ್ಲಿ ತಂತಿ ಬೆಸೆಯುತ್ತಾ ಕೂತಿದ್ದವನು. ಕೂಡುಕುಟುಂಬದ ಮನೆಗಳಲ್ಲಿ ಫ್ಯೂಸ್ ಹೋದಾಗ ಎಲ್ಲರೂ ಹೆಸರು ಹಿಡಿದು ಕೂಗುವ ಒಬ್ಬ ಚಿಕ್ಕಪ್ಪನಿರುತ್ತಾನೆ. ಅವನು ಊರು ಬಿಟ್ಟ ಮೇಲೆ ಬೇರೆಯವರು ಫ್ಯೂಸ್ ಹಾಕುವುದನ್ನು ಕಲಿಯುತ್ತಾರೆ, ಆದರೆ ಹಬ್ಬಕ್ಕೆ ಒಟ್ಟಿಗೆ ಕೂತು ಉಣ್ಣುವುದು ನಿಂತುಹೋಗುತ್ತದೆ. ಡೊನಾಟೆಲ್ಲೊ ಬಂದ ತಕ್ಷಣ ಯೋಜನೆ ಹಾಕುತ್ತಾನೆ, ಬೇರೆ ಬೇರೆಯಾದವರನ್ನು ಒಂದು ಮೇಜಿನ ಸುತ್ತ ಕೂರಿಸುತ್ತಾನೆ. ಆಮೇಲಿನದು ಮಕ್ಕಳ ಟೀವಿಯಲ್ಲಿ ಅಪರೂಪಕ್ಕೆ ಕಾಣುವ ಧೈರ್ಯ. ಮೂವರು ಅಣ್ಣತಮ್ಮಂದಿರೂ ಅವನ ಕಣ್ಣೆದುರೇ ಸಾಯುತ್ತಾರೆ. ನೆಲ ಕೊರೆಯುವ ದೊಡ್ಡ ವಾಹನವನ್ನು ಶ್ರೆಡ್ಡರ್‌ನ ಮೇಲೆ ನುಗ್ಗಿಸಿ ಅವನನ್ನು ಮುಗಿಸುವವನು ಕೊನೆಗೆ ಒಬ್ಬಂಟಿಯಾದ ಡೊನಾಟೆಲ್ಲೊ. ತನ್ನ ಕಾಲಕ್ಕೆ ಮರಳಿದಾಗ ಉಳಿದವರಿಗೆ ಅವನು ಕಂಡದ್ದೇನೂ ಗೊತ್ತಿಲ್ಲ.

ಬಲಹೀನನೆಂದು ಬಿಂಬಿತನಾದ ಬುದ್ಧಿವಂತನ ಮೈಗೆ ಪೆಟ್ಟು ಬೀಳುವುದನ್ನು ತೋರಿಸಲು ಲೇಖಕರು ಹಿಂಜರಿಯುತ್ತಾರೆ. ಅವನ ಜಾಗ ಯುದ್ಧದ ಹೊರಗೆ, ಕಂಪ್ಯೂಟರಿನ ಮುಂದೆ ಎಂಬ ನಂಬಿಕೆ. ಐಡಿಡಬ್ಲ್ಯು ಪ್ರಕಾಶನದ ಹೊಸ ಕಾಮಿಕ್ಸ್‌ನ 44ನೆಯ ಸಂಚಿಕೆ, 2015ರದು, ಇದನ್ನು ಮುರಿಯಿತು. ಬೀಬಾಪ್ ಮತ್ತು ರಾಕ್‌ಸ್ಟೆಡಿ ಎಂಬ ಇಬ್ಬರು ದೈತ್ಯರು ಅವನ ಅಡಗುದಾಣಕ್ಕೇ ನುಗ್ಗಿ ಸುತ್ತಿಗೆಯಿಂದ ಚಿಪ್ಪು ಒಡೆಯುತ್ತಾರೆ. ದೇಹ ಕೈಬಿಡುವ ಹೊತ್ತಿಗೆ ಅವನ ಮನಸ್ಸನ್ನು ಮೆಟಲ್‌ಹೆಡ್ ಎಂಬ ಲೋಹದ ಆಮೆಗೆ ವರ್ಗಾಯಿಸಿ ಉಳಿಸಿಕೊಳ್ಳಲಾಗುತ್ತದೆ. ಜೀವನವಿಡೀ ಯಂತ್ರ ಪ್ರೀತಿಸಿದವನು ಯಂತ್ರದೊಳಗೆ ಕೂತು ತನ್ನದೇ ಮುರಿದ ದೇಹವನ್ನು ಹೊರಗಿನಿಂದ ನೋಡಬೇಕಾಗುತ್ತದೆ.

2018ರ ‘ರೈಸ್’ ಸರಣಿ ಬೇರೊಂದು ದಾರಿ ಹಿಡಿಯಿತು. ಅದರಲ್ಲಿ ನಾಲ್ವರೂ ಬೇರೆ ಬೇರೆ ತಳಿಯ ಆಮೆಗಳು. ಡೊನಾಟೆಲ್ಲೊ ಮೃದುಚಿಪ್ಪಿನ ಆಮೆ. ನಮ್ಮ ಕಾವೇರಿಯಲ್ಲೂ ಇರುವ ಮೃದುಚಿಪ್ಪಿನ ಆಮೆಗಳನ್ನು ಕಂಡವರಿಗೆ ಇದು ಕೂಡಲೇ ಹಿಡಿಸುತ್ತದೆ. ಬೆನ್ನ ಮೇಲೆ ಗಟ್ಟಿ ಕವಚವಿಲ್ಲ, ತೊಗಲಿನಂಥ ಹೊದಿಕೆ ಮಾತ್ರ. ಹುಟ್ಟಿನಿಂದ ಬಾರದ ಕವಚವನ್ನು ಈ ಹುಡುಗ ತಾನೇ ಮಾಡಿಕೊಳ್ಳುತ್ತಾನೆ, ಲೋಹದ ಯಾಂತ್ರಿಕ ಚಿಪ್ಪು ಕಟ್ಟಿ ಬೆನ್ನಿಗೆ ಹೊರುತ್ತಾನೆ. ಅವನು ಉಪಕರಣ ಮಾಡುವುದೇಕೆ ಎಂಬ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ಹಿಂದಿನ ಯಾವ ಲೇಖಕನೂ ಕೊಟ್ಟಿರಲಿಲ್ಲ. 2023ರ ‘ಮ್ಯೂಟಂಟ್ ಮೇಹೆಮ್’ ಸಿನಿಮಾ ಕನ್ನಡಕ ತೊಡಿಸಿತು, ನಿಜವಾದ ಹದಿಹರೆಯದವನಿಂದ ಧ್ವನಿ ಕೊಡಿಸಿತು. ಅದು ಮುದ್ದಾಗಿದೆ, ಆದರೆ ಪಾತ್ರವನ್ನು ಮುಂದಕ್ಕೇನೂ ಒಯ್ಯಲಿಲ್ಲ.

ಎಲ್ಲಕ್ಕಿಂತ ಮಿಗಿಲಾಗಿ ನಾನು ಮರಳಿ ಮರಳಿ ನೋಡುವುದು 2012ರಲ್ಲಿ ನಿಕೆಲೋಡಿಯನ್ ತಂದ ಸರಣಿಯ ಡೊನಾಟೆಲ್ಲೊನನ್ನು. ಹಲ್ಲಿನ ನಡುವೆ ಸಂದಿರುವ, ಎತ್ತರದ, ಒಂದಿಷ್ಟು ಪೆದ್ದುಪೆದ್ದಾಗಿ ಪ್ರೀತಿಸುವ ಹುಡುಗ. ಧ್ವನಿ ಕೊಟ್ಟ ರಾಬ್ ಪಾಲ್ಸೆನ್ 1987ರ ಸರಣಿಯಲ್ಲಿ ರಾಫೆಲ್ ಆಗಿದ್ದವರು. ಇಲ್ಲಿ ವಾಹನ ಆಕಾಶದಿಂದ ಬೀಳುವುದಿಲ್ಲ. ಮೂಲೆಗೆ ಬಿದ್ದಿದ್ದ ಹಳೆಯ ಸುರಂಗ ರೈಲಿನ ಬೋಗಿಯಿಂದ ಅದನ್ನು ಕಟ್ಟುತ್ತಾನೆ. ನಗರ ಬಿಸಾಡಿದ್ದು ಅವನ ಗೋದಾಮು. ಇಲ್ಲಿ ಅವನ ಕೆಲಸ ಕೆಡುತ್ತದೆ ಕೂಡ. ಶತ್ರುಗಳ ಕೈಯಲ್ಲಿ ಎಂಥೆಂಥ ಅಸ್ತ್ರಗಳಿರುವಾಗ ತನಗೊಂದು ಮರದ ಕೋಲೇ ಎಂದು ನೊಂದು ಮೆಟಲ್‌ಹೆಡ್ ಎಂಬ ರೋಬೋ ಆಮೆಯನ್ನು ಕಟ್ಟುತ್ತಾನೆ, ದೂರದಿಂದ ಅದನ್ನು ಆಡಿಸಿ ಕಾದಾಡಲು ಹೊರಡುತ್ತಾನೆ. ಯಂತ್ರ ಶತ್ರುವಿನ ವಶವಾಗುತ್ತದೆ, ಅಣ್ಣತಮ್ಮಂದಿರ ಮೇಲೇ ತಿರುಗಿಬೀಳುತ್ತದೆ. ಅದನ್ನು ಎದುರಿಸಿ ಬೀಳಿಸಬೇಕಾದವನೂ ಅವನೇ.

ಅದೇ ಸರಣಿಯಲ್ಲಿ ಟಿಮಥಿ ಎಂಬ ಹುಡುಗ ಬರುತ್ತಾನೆ. ಆಮೆಗಳ ಹುಚ್ಚು ಅಭಿಮಾನಿ, ಕೈಯಲ್ಲಿ ಯಾವ ವಿದ್ಯೆಯೂ ಇಲ್ಲ. ತಾನೂ ಅವರಂತಾಗಬೇಕೆಂದು ರೂಪ ಬದಲಿಸುವ ರಾಸಾಯನಿಕಕ್ಕೆ ತಾನಾಗಿ ಧುಮುಕುತ್ತಾನೆ. ಆಮೆಯಾಗುವುದಿಲ್ಲ, ಕರಗಿ ಅಂಗಾಂಗಗಳು ತೇಲುವ ಮುದ್ದೆಯಾಗುತ್ತಾನೆ. ತಪ್ಪು ಡೊನಾಟೆಲ್ಲೊನದಲ್ಲ. ತಡೆಯಲೆಂದೇ ಕೂಗಿದ್ದ. ಆದರೂ ನಿನ್ನನ್ನು ಸರಿಪಡಿಸುತ್ತೇನೆಂದು ಮಾತು ಕೊಡುವವನು ಅವನೊಬ್ಬನೇ. ಅತ್ತ ಡೊನಾಟೆಲ್ಲೊ ಪ್ರೀತಿಸುವ ಹುಡುಗಿ ಏಪ್ರಿಲ್‌ಳ ತಂದೆಯೂ ರೂಪ ಕಳೆದುಕೊಂಡಿದ್ದಾರೆ. ಎರಡನೆಯ ಸೀಸನ್ನಿನಲ್ಲಿ ಕಂತು ಕಂತಿಗೂ ಅವನು ಪ್ರಯೋಗಶಾಲೆಯಲ್ಲಿ ಮದ್ದಿಗಾಗಿ ಒದ್ದಾಡುತ್ತಾನೆ, ಹೊರಗೆ ಬೇರೆ ಯುದ್ಧಗಳು ನಡೆಯುತ್ತಿರುತ್ತವೆ. 1987ರ ಕಾರ್ಟೂನು ನುಂಗಿಹಾಕಿದ್ದ ಆ ರಾತ್ರಿಗಳು ಕೊನೆಗೂ ಪರದೆಯ ಮೇಲೆ ಬಂದವು. ಏಪ್ರಿಲ್‌ಳ ತಂದೆ ಮರಳಿ ಮನುಷ್ಯರಾಗುತ್ತಾರೆ. ಟಿಮಥಿಯ ಕಥೆ ಹಾಗಾಗುವುದಿಲ್ಲ. ಅವನು ಕೈಮೀರಿ ಅಪಾಯಕಾರಿಯಾದಾಗ ಡೊನಾಟೆಲ್ಲೊ ಅವನನ್ನು ಹೆಪ್ಪುಗಟ್ಟಿಸಿ ತನ್ನ ಪ್ರಯೋಗಶಾಲೆಯಲ್ಲೇ ಇರಿಸಿಕೊಳ್ಳುತ್ತಾನೆ, ಕೊಟ್ಟ ಮಾತನ್ನು ಮತ್ತೊಮ್ಮೆ ಹೇಳುತ್ತಾನೆ. ಉಳಿದ ಮೂವರಿಗೆ ಶತ್ರು ಸೋತಲ್ಲಿಗೆ ಆ ದಿನದ ಕೆಲಸ ತೀರಿತು. ಇವನಿಗೆ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಇನ್ನೊಂದು ಹೆಸರು ಸೇರಿತು.